ಆರು ಮಕ್ಕಳ ಮನೆಗೆ ಇನ್ನೂ ಎಂಟು!

ಮನೆ ತುಂಬ ಆರು ಮಕ್ಕಳು. ಸಾಲದೆಂಬಂತೆ ಇನ್ನೂ ಎಂಟು ಬೇಕೆಂದು ಹಟ ಹಿಡಿದವರು ಅಮೆರಿಕದ ಒರೆಗಾನ್ ರಾಜ್ಯದ ಕೃಷಿಕ ಹ್ಯಾರಿ ಹೋಲ್ಟ್ ಮತ್ತು ಪತ್ನಿ ಬರ್ತಾ.

ಕೊರಿಯಾ ಯುದ್ಧದಲ್ಲಿ ಅನಾಥರಾದ ಮಕ್ಕಳ ಚಿತ್ರವನ್ನು 1954ರಲ್ಲಿ ನೋಡಿದ ದಂಪತಿಗೆ ಸುಮ್ಮನಿರಲು ಮನಸ್ಸು ಬರಲಿಲ್ಲ. ಆದರೆ ಅಲ್ಲಿನ ಕಾನೂನಿನಂತೆ ಒಂದು ಕುಟುಂಬಕ್ಕೆ ಹೊರದೇಶದ ಎರಡೇ ಮಕ್ಕಳು. ಇವರಿಗಾಗಿ 1955ರಲ್ಲಿ ಅಮೆರಿಕದ ಸಂಸತ್ತೇ ವಿಶೇಷ ಕಾಯ್ದೆ ಮಾಡಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ಹ್ಯಾರಿ ಎಂಟು ಮಕ್ಕಳನ್ನು ವಿಮಾನದಲ್ಲಿ ಕರೆತಂದರು. ಸುದ್ದಿ ಹಬ್ಬಿದ್ದೇ ತಡ, ‘ನಮಗೂ ಮಗು ಬೇಕು’ ಎಂಬ ಪತ್ರಗಳು ಬರತೊಡಗಿದವು. ದಂಪತಿ ದತ್ತು ಸಂಸ್ಥೆಯನ್ನೇ ಕಟ್ಟಿದರು. ಹ್ಯಾರಿ 1964ರಲ್ಲಿ, ಬರ್ತಾ 2000ದಲ್ಲಿ ತೀರಿಕೊಂಡರು. ಇಬ್ಬರ ಸಮಾಧಿಯೂ ಕೊರಿಯಾದಲ್ಲೇ ಇದೆ.

ಆದರೆ ಕೊರಿಯಾದಿಂದ ದತ್ತು ಹೋಗುವವರ ಸಂಖ್ಯೆ ಬೆಳೆದಂತೆ ಮೋಸವೂ ನುಸುಳಿತು. ಹೆತ್ತವರಿದ್ದ ಮಕ್ಕಳನ್ನೂ ಅನಾಥರೆಂದು ಬರೆದು ವಿದೇಶಕ್ಕೆ ಕಳಿಸಲಾಗಿತ್ತೆಂದು ಅಲ್ಲಿನ ಸತ್ಯಶೋಧನಾ ಆಯೋಗ 2025ರಲ್ಲಿ ಹೇಳಿತು.

ನಮ್ಮಲ್ಲೂ ಅಷ್ಟೇ. ಕಾಸರಗೋಡಾಗಲಿ, ಸೊಲ್ಲಾಪುರವಾಗಲಿ, ಅನಾಥಾಲಯದ ಮಗು ಬೇಕೆನ್ನುವವರು ಕೇಂದ್ರದ ‘ಕಾರಾ’ದಲ್ಲಿ ಹೆಸರು ನೋಂದಾಯಿಸಿ ಕಾಯಲೇಬೇಕು. ‘ಎಷ್ಟು ವರ್ಷ ಕಾಯೋದು?’ ಎಂಬ ಗೊಣಗಾಟ ಇದ್ದದ್ದೇ. ಆದರೆ ನಾಳೆ ಮಗು ‘ನಾನೆಲ್ಲಿಂದ ಬಂದೆ?’ ಎಂದು ಕೇಳಿದಾಗ ತೋರಿಸೋಕೆ ಇರೋದು ಆ ಸರಿಯಾದ ಕಾಗದವೊಂದೇ.