ಹಕ್ಕು ದಕ್ಕಿತು, ಕಾಲ ದಕ್ಕಲಿಲ್ಲ

ಫಿಲೋ ಫಾರ್ನ್ಸ್‌ವರ್ತ್ ಅವರ ಟಿ.ವಿ. ಪೇಟೆಂಟಿಗೆ ಅಮೆರಿಕದ ಕಾನೂನು ಕೊಟ್ಟದ್ದು 17 ವರ್ಷ. 1930ರಲ್ಲಿ ಶುರುವಾದ ಗಡುವು 1947ರಲ್ಲಿ ಮುಗಿಯಿತು. ಅಮೆರಿಕದ ಮನೆಮನೆಗೂ ಟಿ.ವಿ. ಹೊಕ್ಕಿದ್ದು ಅದರ ಬೆನ್ನಿಗೇ.

1906ರಲ್ಲಿ ಯೂಟಾ ರಾಜ್ಯದ ಬೀವರ್ ಬಳಿ, ಮರದ ದಿಮ್ಮಿಗಳ ಮನೆಯಲ್ಲಿ ಹುಟ್ಟಿದ ರೈತನ ಮಗ ಅವರು. ಮುಂದೆ ಕುಟುಂಬ ಐಡಹೋದ ರಿಗ್ಬಿಗೆ ಬಂತು. ಅಲ್ಲಿನ ಮನೆಗೆ ವಿದ್ಯುತ್ತಿತ್ತು, ಅಟ್ಟದ ಮೇಲೆ ಹಳೆಯ ವಿಜ್ಞಾನ ಪತ್ರಿಕೆಗಳ ರಾಶಿಯಿತ್ತು. ಆ ಕಾಲದಲ್ಲಿ ಚಿತ್ರ ರವಾನಿಸಲು ಹೊರಟ ಬಹುತೇಕರು ತೂತು ಕೊರೆದ ತಟ್ಟೆಯನ್ನು ಗರಗರ ತಿರುಗಿಸುತ್ತಿದ್ದರು. ತಟ್ಟೆಯ ವೇಗ ಸಾಲದು, ಆ ಕೆಲಸವನ್ನು ಎಲೆಕ್ಟ್ರಾನಿಗೆ ಒಪ್ಪಿಸಬೇಕು ಎಂದು ಹೊಳೆದಾಗ ಈ ಹುಡುಗ ಹೊಲದಲ್ಲಿದ್ದ. ಉತ್ತ ಸಾಲುಗಳ ಹಾಗೆಯೇ ಚಿತ್ರವನ್ನೂ ಗೆರೆಗೆರೆಯಾಗಿ ಓದಬಹುದಲ್ಲ! 1922ರಲ್ಲಿ ಅದನ್ನು ರಸಾಯನಶಾಸ್ತ್ರದ ಮೇಷ್ಟ್ರು ಜಸ್ಟಿನ್ ಟಾಲ್ಮನ್ ಅವರಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ.

1927ರ ಸೆಪ್ಟೆಂಬರ್ 7. ಸ್ಯಾನ್ ಫ್ರಾನ್ಸಿಸ್ಕೋದ ಗ್ರೀನ್ ಸ್ಟ್ರೀಟ್‌ನ ಪ್ರಯೋಗಾಲಯ. ಒಂದು ಕೋಣೆಯಲ್ಲಿ ಭಾವಮೈದ ಕ್ಲಿಫ್ ಗಾರ್ಡ್ನರ್ ಗೆರೆ ಎಳೆದ ಗಾಜಿನ ಸ್ಲೈಡ್ ಇಟ್ಟರು. ಇನ್ನೊಂದು ಕೋಣೆಯಲ್ಲಿ ಫಾರ್ನ್ಸ್‌ವರ್ತ್, ಹೆಂಡತಿ ಪೆಮ್ ನೋಡುತ್ತಿದ್ದ ಪರದೆಯ ಮೇಲೆ ಗೆರೆ ಮೂಡಿತು. ಕ್ಲಿಫ್ ಸ್ಲೈಡ್ ತಿರುಗಿಸಿದರು, ಇಲ್ಲಿ ಗೆರೆಯೂ ತಿರುಗಿತು. ಚಿತ್ರ ಹಿಡಿಯುವ ಕೊಳವೆ ತಯಾರಿಸಲು ಗಾಜು ಊದುವುದನ್ನು ಕಲಿತವರೂ ಇದೇ ಕ್ಲಿಫ್. ಫಾರ್ನ್ಸ್‌ವರ್ತ್‌ಗೆ ಆಗ 21.

ಕೊಳವೆಯ ಹೆಸರು ಇಮೇಜ್ ಡಿಸೆಕ್ಟರ್. ಬೆಳಕು ಬಿದ್ದ ಲೇಪದಿಂದ ಎಲೆಕ್ಟ್ರಾನುಗಳು ಹೊಮ್ಮುತ್ತವೆ; ಕಾಂತಕ್ಷೇತ್ರ ಆ ಇಡೀ ಎಲೆಕ್ಟ್ರಾನ್ ಚಿತ್ರವನ್ನೇ ಸರಿಸುತ್ತ ಒಂದು ಸಣ್ಣ ಕಿಂಡಿಯ ಮುಂದೆ ಹಾಯಿಸುತ್ತದೆ. ಕಿಂಡಿಯೊಳಗೆ ಹೋದಷ್ಟೇ ಸಂಕೇತವಾಗುತ್ತದೆ, ಮಿಕ್ಕದ್ದೆಲ್ಲ ಪೋಲು. ಹಾಗಾಗಿ ಕಣ್ಣು ಕುಕ್ಕುವಷ್ಟು ಬೆಳಕು ಬೇಕಿತ್ತು. ಆರ್‌ಸಿಎ ಕಂಪನಿಯ ವ್ಲಾದಿಮಿರ್ ಝ್ವರಿಕಿನ್ ಅವರ ಐಕನೊಸ್ಕೋಪ್ ಬೆಳಕಿನ ಪರಿಣಾಮವನ್ನು ಕೂಡಿಟ್ಟುಕೊಳ್ಳುತ್ತಿತ್ತು. ಆ ಮಟ್ಟಿಗೆ ಅದು ಮೇಲು ಎಂದು ಒಪ್ಪಲೇಬೇಕು. ಆದರೆ ಯಂತ್ರದ ತಟ್ಟೆಯ ಹಂಗಿಲ್ಲದೆ ಚಿತ್ರವನ್ನು ಗೆರೆಗೆರೆಯಾಗಿ ಕಳಿಸಿ ತೋರಿಸಿದ ಯುವಕನನ್ನು ಆ ಕಾರಣಕ್ಕೆ ಬದಿಗೆ ಸರಿಸುವುದು ಅನ್ಯಾಯ.

ಝ್ವರಿಕಿನ್ 1930ರಲ್ಲಿ ಪ್ರಯೋಗಾಲಯಕ್ಕೆ ಬಂದು ಕೊಳವೆಯನ್ನು ನೋಡಿಹೋದರು. ಮರುವರ್ಷ ಆರ್‌ಸಿಎ ಒಂದು ಲಕ್ಷ ಡಾಲರಿಗೆ ಎಲ್ಲವನ್ನೂ ಕೊಳ್ಳಲು ಮುಂದಾಯಿತು. ಫಾರ್ನ್ಸ್‌ವರ್ತ್ ಒಪ್ಪಲಿಲ್ಲ. ಆರ್‌ಸಿಎ ಜೊತೆಗಿನ ಪೇಟೆಂಟ್ ವ್ಯಾಜ್ಯದಲ್ಲಿ ಟಾಲ್ಮನ್ ಮೇಷ್ಟ್ರು ಶಿಷ್ಯನ ಪರ ಸಾಕ್ಷಿ ಹೇಳಿದರು. 1934ರಲ್ಲಿ ಫಾರ್ನ್ಸ್‌ವರ್ತ್ ಗೆದ್ದರು. ಆದರೂ ಆರ್‌ಸಿಎ ಹಣ ಕೊಡಲು ಒಪ್ಪಿದ್ದು 1939ರಲ್ಲಿ: ಹತ್ತು ಲಕ್ಷ ಡಾಲರ್. ಮೂರೇ ವರ್ಷದಲ್ಲಿ ಯುದ್ಧದಿಂದಾಗಿ ಟಿ.ವಿ. ತಯಾರಿಕೆ ನಿಂತಿತು. ಪೇಟೆಂಟಿನ ಗಡುವು ಮಾತ್ರ ನಿಲ್ಲಲಿಲ್ಲ. ಸೋತಿದ್ದರೆ ಸಮಾಧಾನ ಹೇಳಬಹುದಿತ್ತು. ಗೆದ್ದವರಿಗೆ ಹೀಗಾಯಿತಲ್ಲ ಎಂಬುದೇ ನನ್ನ ಸಂಕಟ.

ಅವರ ಕಂಪನಿ 1949ರಲ್ಲಿ ಐಟಿಟಿ ಎಂಬ ಸಂಸ್ಥೆಯ ಪಾಲಾಯಿತು. 1971ರಲ್ಲಿ, 64ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಗಂಡನ ಹೆಸರು ಉಳಿಸಲು ಪೆಮ್ ಮುಂದೆ ದಶಕಗಳ ಕಾಲ ಓಡಾಡಿದರು. 1990ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಯೂಟಾ ರಾಜ್ಯದ ಪರವಾಗಿ ಫಾರ್ನ್ಸ್‌ವರ್ತ್ ಪ್ರತಿಮೆ ನಿಂತಾಗ ಪೆಮ್ ಇನ್ನೂ ಬದುಕಿದ್ದರು.