ಪಾರ್ಕಿನ್‌ಸನ್ ಕಾಯಿಲೆ: ಫಿಸಿಯೋಥೆರಪಿಯಲ್ಲಿ ವರ್ಧಿತ ವಾಸ್ತವ ತಂತ್ರಜ್ಞಾನದ ಬಳಕೆ

ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ನರಕೋಶಗಳು ಕ್ರಮೇಣ ನಶಿಸುವುದರಿಂದ ಪಾರ್ಕಿನ್‌ಸನ್ ಕಾಯಿಲೆಯು ಉಂಟಾಗುತ್ತದೆ. ಲಂಡನ್ನಿನ ವೈದ್ಯರಾದ ಜೇಮ್ಸ್ ಪಾರ್ಕಿನ್‌ಸನ್ ಅವರು 1817ರಲ್ಲಿ ಇದನ್ನು ವಿವರಿಸಿದರು. ಸಾರ್ವಜನಿಕರು ಇದನ್ನು ಕೈನಡುಕದ ಕಾಯಿಲೆಯೆಂದಷ್ಟೇ ತಿಳಿಯುವುದುಂಟು. ನಡುಕವಿಲ್ಲದೆಯೂ ಈ ಕಾಯಿಲೆ ಇರಬಹುದಾಗಿದ್ದು, ರೋಗಿಗಳು ಬಿದ್ದು ಮೂಳೆ ಮುರಿದುಕೊಳ್ಳಲು ಮುಖ್ಯ ಕಾರಣ ನಡುಕವಲ್ಲ, ನಡಿಗೆಯ ತೊಂದರೆ.

ನಡಿಗೆಯ ಸ್ತಂಭನ ಎಂದರೇನು?

ನಡೆಯುತ್ತಿರುವ ರೋಗಿಯ ಪಾದಗಳು ನೆಲಕ್ಕೆ ಅಂಟಿಕೊಂಡಂತೆ ಹಠಾತ್ತನೆ ನಿಂತುಬಿಡುತ್ತವೆ. ಹೊಸ್ತಿಲು ದಾಟುವಾಗ, ತಿರುಗುವಾಗ, ಇಕ್ಕಟ್ಟಾದ ಜಾಗದಲ್ಲಿ ಅಥವಾ ಅವಸರದಲ್ಲಿ ಇದು ಹೆಚ್ಚು. ಕಾಲು ನಿಂತರೂ ಮೈ ಮುಂದಕ್ಕೆ ವಾಲುವುದರಿಂದ ರೋಗಿಯು ಬೀಳುವ ಸಂಭವವಿರುತ್ತದೆ. ಮನೆಯವರು ಇದನ್ನು ಹಟವೆಂದೋ ಸೋಮಾರಿತನವೆಂದೋ ಭಾವಿಸಿ ಕೈ ಹಿಡಿದು ಎಳೆಯುವುದು ಸರಿಯಲ್ಲ.

ವಿಚಿತ್ರವೆಂದರೆ, ಸಮತಟ್ಟಾದ ನೆಲದಲ್ಲಿ ಹೆಜ್ಜೆ ಕೀಳಲಾರದ ರೋಗಿಯೇ ಮೆಟ್ಟಿಲುಗಳನ್ನು ಸಲೀಸಾಗಿ ಹತ್ತಬಲ್ಲರು. ನೆಲದ ಮೇಲೆ ಅಡ್ಡಗೆರೆಗಳಿದ್ದಲ್ಲಿ ಅವುಗಳನ್ನು ದಾಟುತ್ತಾ ನಡೆಯಬಲ್ಲರು ಎಂಬುದನ್ನು ಬ್ರಿಟಿಷ್ ನರರೋಗ ತಜ್ಞರಾದ ಪರ್ಡನ್ ಮಾರ್ಟಿನ್ ಅವರು 1967ರಲ್ಲಿಯೇ ದಾಖಲಿಸಿದ್ದರು. ಅಭ್ಯಾಸಬಲದಿಂದ ತಾನಾಗಿ ನಡೆಯುವ ಸಾಮರ್ಥ್ಯವು ಕುಗ್ಗಿದ್ದರೂ, ಕಣ್ಣಿಗೆ ಕಾಣುವ ಗುರುತನ್ನು ಅನುಸರಿಸಿ ಪ್ರಜ್ಞಾಪೂರ್ವಕವಾಗಿ ಹೆಜ್ಜೆಯಿಡಲು ಮೆದುಳು ಬೇರೊಂದು ಮಾರ್ಗವನ್ನು ಬಳಸಿಕೊಳ್ಳುತ್ತದೆ ಎಂದು ಇದನ್ನು ವಿವರಿಸಲಾಗುತ್ತದೆ.

ಕನ್ನಡಕದಲ್ಲಿ ಕಾಣುವ ಗೆರೆಗಳು

ಹೋದಲ್ಲೆಲ್ಲಾ ನೆಲಕ್ಕೆ ಗೆರೆ ಎಳೆಯಲು ಸಾಧ್ಯವಿಲ್ಲ. ವರ್ಧಿತ ವಾಸ್ತವ ತಂತ್ರಜ್ಞಾನದಲ್ಲಿ, ರೋಗಿಯು ಧರಿಸುವ ಪಾರದರ್ಶಕ ಕನ್ನಡಕವು ಎದುರಿನ ನೈಜ ನೆಲದ ಮೇಲೆಯೇ ಗೆರೆಗಳಿರುವಂತೆ ತೋರಿಸುತ್ತದೆ. ಇವು ಧರಿಸಿದವರಿಗೆ ಮಾತ್ರ ಕಾಣುತ್ತವೆ. 1990ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇದರ ಆರಂಭಿಕ ಪ್ರಯೋಗಗಳು ನಡೆದವು. ಸ್ವತಃ ಈ ಕಾಯಿಲೆಯಿದ್ದ ಪಾದಚಿಕಿತ್ಸಕ ಟಾಮ್ ರೀಸ್ ಅವರು ಅದರಲ್ಲಿ ಪಾಲ್ಗೊಂಡಿದ್ದರು. ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಯೋರಾಮ್ ಬರಾಮ್ ಮತ್ತು ಸಹೋದ್ಯೋಗಿಗಳು, ನಡಿಗೆಗೆ ತಕ್ಕಂತೆ ಚಲಿಸುವ ಚೌಕುಳಿ ಹಾಸುಗಲ್ಲಿನ ಚಿತ್ರವನ್ನು ಬಳಸಿದ ಅಧ್ಯಯನವನ್ನು 2002ರಲ್ಲಿ ಪ್ರಕಟಿಸಿದರು.

ಎಲ್ಲ ಫಲಿತಾಂಶಗಳೂ ಆಶಾದಾಯಕವಾಗಿಲ್ಲ. ಸ್ಮಾರ್ಟ್ ಕನ್ನಡಕಗಳನ್ನು ಬಳಸಿ ನೆದರ್ಲೆಂಡ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿರೀಕ್ಷಿತ ಪ್ರಯೋಜನ ಕಂಡುಬರಲಿಲ್ಲ. ಅನೇಕ ಕನ್ನಡಕಗಳ ದೃಷ್ಟಿಕ್ಷೇತ್ರ ಕಿರಿದಾಗಿದ್ದು, ತಲೆ ಬಗ್ಗಿಸದ ಹೊರತು ಕಾಲಬುಡದ ಗೆರೆ ಕಾಣುವುದಿಲ್ಲ. ಬೆಲೆಯೂ ಅಧಿಕ: ಮೈಕ್ರೋಸಾಫ್ಟ್ ಸಂಸ್ಥೆಯು 2019ರಲ್ಲಿ ಹೊರತಂದ ಹೋಲೋಲೆನ್ಸ್ 2 ಸಾಧನದ ಆಗಿನ ಬೆಲೆ 3,500 ಡಾಲರ್, ಅದರ ತಯಾರಿಕೆಯನ್ನು 2024ರಲ್ಲಿ ನಿಲ್ಲಿಸಲಾಯಿತು. ಈ ತಂತ್ರಜ್ಞಾನವು ಔಷಧಿಗೆ ಬದಲಿಯಲ್ಲ. ಇಲ್ಲದ ದೃಶ್ಯಗಳು ಕಾಣುವ ತೊಂದರೆಯಿರುವ ರೋಗಿಗಳು ವೈದ್ಯರ ಸಲಹೆಯಿಲ್ಲದೆ ಇದನ್ನು ಬಳಸಬಾರದು.

ಕನ್ನಡಕವಿಲ್ಲದೆಯೂ ಇದೇ ತತ್ವವನ್ನು ಮನೆಯಲ್ಲಿ ಅನುಸರಿಸಬಹುದು. ಹೊಸ್ತಿಲಿನ ಬಳಿ ಮತ್ತು ಬಚ್ಚಲಮನೆಯ ದಾರಿಯಲ್ಲಿ, ನೆಲದ ಬಣ್ಣಕ್ಕಿಂತ ಎದ್ದುಕಾಣುವ ಬಣ್ಣದ ಟೇಪನ್ನು ಅಡ್ಡಲಾಗಿ ಅಂಟಿಸುವುದು ಅಗ್ಗದ ಉಪಾಯ. ಗೆರೆಗಳ ನಡುವಿನ ಅಂತರವನ್ನು ರೋಗಿಯ ಹೆಜ್ಜೆಯ ಅಳತೆಗೆ ತಕ್ಕಂತೆ ಫಿಸಿಯೋಥೆರಪಿಸ್ಟರಿಂದಲೇ ನಿಗದಿಪಡಿಸಿಕೊಳ್ಳತಕ್ಕದ್ದು. ಟೇಪಿನ ಅಂಚು ಮೇಲೆದ್ದಿದ್ದರೆ ಅದೇ ಎಡವಲು ಕಾರಣವಾಗುತ್ತದೆ. ಅಭ್ಯಾಸದ ವೇಳೆ ಒಬ್ಬರು ಪಕ್ಕದಲ್ಲಿರತಕ್ಕದ್ದು.

ಅರ್ಜಿದಾರರ ಗಮನಕ್ಕೆ

1995ರ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್‌ಸನ್ ಕಾಯಿಲೆ ಇರಲಿಲ್ಲ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಇದನ್ನು ದೀರ್ಘಕಾಲಿಕ ನರಸಂಬಂಧಿ ಸ್ಥಿತಿಯೆಂದು ಸೇರಿಸಲಾಗಿದೆ. ಆದುದರಿಂದ ಈ ಕಾಯಿಲೆಯುಳ್ಳವರು ಸ್ವಾವಲಂಬನ್ ಜಾಲತಾಣದ ಮೂಲಕ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವು ಪ್ರಮಾಣೀಕೃತವಾದಲ್ಲಿ, ನಿಯಮಾನುಸಾರ ಅನ್ವಯಿಸುವ ಸೌಲಭ್ಯಗಳನ್ನು ಕೋರಬಹುದಾಗಿದೆ. ಚೀಟಿ ದೊರೆತ ಮಾತ್ರಕ್ಕೆ ಮೇಲೆ ವಿವರಿಸಿದ ಕನ್ನಡಕವು ದೊರೆಯುವುದೆಂದು ಭಾವಿಸಬಾರದು.

ಆಸ್ಪತ್ರೆಯ ತೆರೆದ ಕೊಠಡಿಯಲ್ಲಿ, ವೈದ್ಯರ ಎದುರು, ಅನೇಕ ರೋಗಿಗಳು ಮನೆಯಲ್ಲಿಗಿಂತ ಚೆನ್ನಾಗಿ ನಡೆಯುತ್ತಾರೆ. ಸ್ತಂಭನವು ಅಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ಮೌಲ್ಯಮಾಪನಕ್ಕೆ ಬರುವಾಗ ಚಿಕಿತ್ಸೆಯ ದಾಖಲೆಗಳೊಂದಿಗೆ, ಬಿದ್ದ ದಿನಾಂಕಗಳು, ಔಷಧಿ ಸೇವಿಸುವ ವೇಳೆ ಹಾಗೂ ಮನೆಯ ಯಾವ ಜಾಗದಲ್ಲಿ ಕಾಲು ನಿಲ್ಲುತ್ತದೆ ಎಂಬ ವಿವರವನ್ನು ಬರೆದು ತರಲು ಕೋರಲಾಗಿದೆ. ಮನೆಯಲ್ಲಿ ಮೊಬೈಲಿನಿಂದ ತೆಗೆದ ನಡಿಗೆಯ ವಿಡಿಯೋ ಇದ್ದಲ್ಲಿ ಅದನ್ನೂ ತೋರಿಸಬಹುದು.