ಯಂತ್ರಕ್ಕೆ ಹೆಸರು ತಿಳಿಯದು

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಲೋಲಕದ ಪ್ರಯೋಗದ ಲೆಕ್ಕಗಳನ್ನು ಗಣಕದಲ್ಲಿ ಬರೆದಿಟ್ಟಿದ್ದನು. ಮರುದಿನ ನೋಡಿದರೆ ಕಡತವೇ ಇಲ್ಲ! ಒಡೆಯನ ಹೊರತು ಇತರರು ಅದನ್ನು ಮುಟ್ಟಕೂಡದೆಂದು ಅವನು ಯಂತ್ರಕ್ಕೆ ಅಪ್ಪಣೆ ಕೊಟ್ಟೇ ಇದ್ದನು. ಅಳಿಸಿದವಳು ಸಹಪಾಠಿನಿಯೊಬ್ಬಳು. ಅವಳು ಕುಳಿತಿದ್ದ ಯಂತ್ರವು ಆ ಕಡತ ಅವಳದೇ ಎಂದು ತೋರಿಸುತ್ತಿತ್ತು. ಬೇಡದ ಹಳೆಯ ಕಡತವೆಂದು ಅವಳು ತೆಗೆದುಹಾಕಿದ್ದಳು. ತಪ್ಪು ಅವರಿಬ್ಬರದೂ ಅಲ್ಲ, ನಮ್ಮದು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯೂ, ಅದರ ರೀತಿಯಲ್ಲಿಯೇ ನಡೆಯುವ ಲಿನಕ್ಸ್ ವ್ಯವಸ್ಥೆಯೂ ತಮ್ಮ ಏರ್ಪಾಡುಗಳನ್ನು ಸಾಮಾನ್ಯ ಅಕ್ಷರಗಳ ಕಡತಗಳಲ್ಲಿ ಬರೆದಿಡುತ್ತವೆ. 'ಪಾಸ್‌ವರ್ಡ್' ಕಡತದಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಾಲು ಉಂಟು. ಸಾಲಿಗೆ ಏಳು ಅಂಕಣ. ಮೊದಲನೆಯದು ಹೆಸರು, ಮೂರನೆಯದು ಸಂಖ್ಯೆ. (ಗುಪ್ತಪದವೇ ಈಗ ಅದರಲ್ಲಿರುವುದಿಲ್ಲವೆಂಬುದು ವಿನೋದ, ಅದನ್ನು ಬೇರೊಂದು ಕಡತದಲ್ಲಿ ಮುಚ್ಚಿಡುತ್ತಾರೆ.) ಕಡತದ ಒಡೆತನವನ್ನು ಯಂತ್ರವು ಗುರುತಿಸುವುದು ಸಂಖ್ಯೆಯಿಂದ ಮಾತ್ರ. ಹೆಸರು ನಮ್ಮ ಕಣ್ಣಿಗಾಗಿ.

ಯಂತ್ರ ಒಂದೇ ಇದ್ದರೆ ತೊಡಕಿಲ್ಲ. ನಾವಾದರೋ ಹನ್ನೆರಡು ಯಂತ್ರಗಳಲ್ಲಿ ಹೆಸರುಗಳನ್ನು ಬೇರೆ ಬೇರೆಯಾಗಿ, ಮನಬಂದ ಕ್ರಮದಲ್ಲಿ ಸೇರಿಸಿದ್ದೆವು. ಒಂದರಲ್ಲಿ 1007 ಎಂದರೆ ಆ ಹುಡುಗ. ಮತ್ತೊಂದರಲ್ಲಿ ಆ ಹುಡುಗಿ. ಕಡತಗಳೆಲ್ಲವೂ ಇದ್ದುದು ಒಂದೇ ಉಗ್ರಾಣದಲ್ಲಿ, ಎನ್‌ಎಫ್‌ಎಸ್ ಎಂಬ ಏರ್ಪಾಡಿನ ಮೂಲಕ. ಅದರ ಸಾಮಾನ್ಯ ಪದ್ಧತಿಯಲ್ಲಿ ಉಗ್ರಾಣವು, ಯಂತ್ರ ಹೇಳಿದ ಸಂಖ್ಯೆಯನ್ನು ಮರುಮಾತಿಲ್ಲದೆ ನಂಬುತ್ತದೆ.

ಇದಕ್ಕೆ ಪರಿಹಾರವೆಂದರೆ ಪಟ್ಟಿಯನ್ನು ಒಂದೆಡೆ ಮಾತ್ರ ಇಟ್ಟು ಉಳಿದ ಯಂತ್ರಗಳು ಅದನ್ನೇ ಕೇಳುವಂತೆ ಮಾಡುವುದು. 1980ರ ದಶಕದಲ್ಲಿ ಸನ್ ಕಂಪನಿಯು ಇಂಥದೊಂದನ್ನು 'ಯೆಲ್ಲೋ ಪೇಜಸ್' ಎಂಬ ಹೆಸರಿನಲ್ಲಿ ಹೊರತಂದಿತು. ಆ ಹೆಸರು ಬ್ರಿಟಿಷ್ ಟೆಲಿಕಾಂನ ಮುದ್ರೆಯಾಗಿದ್ದುದರಿಂದ ಮುಂದೆ 'ಎನ್‌ಐಎಸ್' ಎಂದಾಯಿತು. ಆಜ್ಞೆಗಳು ಮಾತ್ರ 'ವೈಪಿ' ಎಂದೇ ಆರಂಭವಾಗುತ್ತವೆ. ಇತ್ತೀಚೆಗೆ ಎಲ್‌ಡ್ಯಾಪ್ ಎಂಬ ಪದ್ಧತಿಯ ಬಳಕೆ ಹೆಚ್ಚು.

ಆದರೆ ತಂತಿ ಕಡಿದರೆ ಗತಿಯೇನು? ಶರಾವತಿಯ ನಡುಗಡ್ಡೆಯಾದ ಮಾವಿನಕುರ್ವೆಯಿಂದ ಬರುವ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಬೇಗನೆ ಹೊಳೆಯುತ್ತದೆ. ದೋಣಿಯನ್ನೇ ನಂಬಿದ್ದ ಕಾಲದಲ್ಲಿ, ಹೊನ್ನಾವರದ ಪೇಟೆಯಿದೆಯೆಂದು ಮನೆಯಲ್ಲಿ ಅಕ್ಕಿಯಿಡದೆ ಇರಲಾದೀತೆ? ಅದಕ್ಕಾಗಿಯೇ 'ಎನ್‌ಎಸ್‌ಸ್ವಿಚ್' ಎಂಬ ಇನ್ನೊಂದು ಕಡತವುಂಟು. "ಮೊದಲು ಸ್ವಂತ ಕಡತವನ್ನು ನೋಡು, ಅಲ್ಲಿಲ್ಲದಿದ್ದರೆ ಕೇಂದ್ರವನ್ನು ಕೇಳು" ಎಂಬ ಕ್ರಮವನ್ನು ಅದರ ಒಂದೇ ಸಾಲಿನಲ್ಲಿ ಬರೆಯಬಹುದು. ಮೇಲ್ವಿಚಾರಕನ ಸಂಖ್ಯೆಯಾದ 0 ಯಾವಾಗಲೂ ಸ್ವಂತ ಕಡತದಲ್ಲಿಯೇ ಇರತಕ್ಕದ್ದು. ಇಲ್ಲವಾದರೆ ತಂತಿ ಕಡಿದ ದಿನ ದುರಸ್ತಿ ಮಾಡುವವನಿಗೇ ಬಾಗಿಲು ತೆರೆಯದು.

ಪಟ್ಟಿಯನ್ನು ಒಂದುಗೂಡಿಸಿದ ಮೇಲೂ ಹಳೆಯ ಕಡತಗಳು ಹಳೆಯ ಸಂಖ್ಯೆಗಳನ್ನೇ ಹೊತ್ತಿದ್ದವು. ಅವುಗಳ ಒಡೆತನವನ್ನು ತಿದ್ದುವುದರಲ್ಲಿ ನಮಗೆ ಎರಡು ಸಂಜೆಗಳು ಹಿಡಿದವು. ಲೋಲಕದ ಲೆಕ್ಕವನ್ನು ಆ ಹುಡುಗನು ಮೊದಲಿನಿಂದ ಮಾಡಬೇಕಾಯಿತು.